‘ಸಾಯಿಸ್ತೀನಿ’ ಎಂಬುದರ ಅರ್ಥ

ಅಥವಾ ಅದು ಕುಕ್ಕರ್ ಮುಚ್ಚಳದ ಸದ್ದೇ ಅಲ್ಲವೇನೋ. ಗೋಡೆಗೆ ತಲೆ ಬಡಿದರೂ ಹಾಗೇ ಕೇಳಿಸಬಹುದು. ನೆನೆದು ನೆನೆದು ಆ ಸದ್ದನ್ನು ನಾನೇ ತಿದ್ದಿಬಿಟ್ಟಿದ್ದೇನೆ. ಮೊದಲು ಕೇಳಿದ್ದು ಈಗ ನನ್ನ ಬಳಿ ಇಲ್ಲ.

ಐರ್ಲೆಂಡಿನ ಹಾಲಿಹಿಲ್‌ನ ಫ್ಲಾಟು, ಲಾಕ್‌ಡೌನು. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಆಫೀಸು, ಅದೇ ಮೇಜಿನ ಮೇಲೆ ಆನ್‌ಲೈನ್ ಎಂ.ಎ. ನಾಟಕಕ್ಕೆ ಕಟ್ಟಳೆ ಹಾಕಿದ ಇಂಗ್ಲಿಷಿನ ಮೊದಲ ವಿಮರ್ಶಕರ ಬಗ್ಗೆ ಪ್ರಬಂಧ ಬರೆಯುತ್ತಿದ್ದೆ. ಒಂದೇ ಜಾಗ, ಒಂದೇ ದಿನ, ಒಂದೇ ಕ್ರಿಯೆ ಎಂದವರು ಅವರು. ಕೆಲವರಿಗೆ ಇನ್ನೊಂದು ಹಟ: ಕೊಲೆ ರಂಗದ ಮೇಲೆ ಬೇಡ, ನಟ ಸಾಯುವುದನ್ನು ಕಂಡರೆ ಜನ ನಗುತ್ತಾರೆ, ಒಳಗೆ ನಡೆಯಲಿ, ದೂತ ಬಂದು ಹೇಳಲಿ.

ಪಕ್ಕದ ಫ್ಲಾಟಿನಲ್ಲಿ ಮೈಸೂರಿನ ಗಂಡ ಹೆಂಡತಿ. ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು. ಮೂರು ದಿನಗಳಿಂದ ಮಧ್ಯಾಹ್ನವಾದರೆ ಗೋಡೆಯಾಚೆ ಬೆಲ್ಟಿನ ಏಟು, ತಟ್ಟೆ ಒಡೆಯುವುದು, ಅವನ ಒಂದೇ ಮಾತು: ಸಾಯಿಸ್ತೀನಿ. ನಾನು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದೆ. ನಾಲ್ಕನೆಯ ದಿನ ಏನೋ ಅಪ್ಪಳಿಸಿದ ರಭಸಕ್ಕೆ ನನ್ನ ಕಡೆಯ ಕ್ಯಾಲೆಂಡರ್ ಕಳಚಿ ಬಿತ್ತು. ಕುಕ್ಕರ್ ಮುಚ್ಚಳ ಎಸೆದಿರಬೇಕು ಎಂದುಕೊಂಡೆ.

ಕೆಳಮನೆಯ ಐರಿಷ್ ಮುದುಕಿ ಪೊಲೀಸಿಗೆ ಫೋನ್ ಮಾಡಿದಳು. ಗಾರ್ಡ್, ಅಂದರೆ ಅಲ್ಲಿನ ಪೊಲೀಸ್, ಬಂದು ಮೊದಲು ಗಂಡ ಹೆಂಡತಿಯ ಬಾಗಿಲು ತಟ್ಟಿದ. ಗಂಡನ ಪಕ್ಕದಲ್ಲೇ ನಿಂತು ಅವಳು, ಅಲ್ಲಿಯವರು ಚೆನ್ನಾಗಿದ್ದೇನೆ ಎನ್ನಲು ಹೇಳುವಂತೆ, ತಾನು ಗ್ರ್ಯಾಂಡ್ ಎಂದಳು. ಆಮೇಲೆ ಗಾರ್ಡ್ ನನ್ನ ಬಾಗಿಲಿಗೆ ಬಂದು, ಎರಡು ಮೀಟರ್ ದೂರ ನಿಂತು, ಮುದುಕಿ ಕೇಳಿಸಿಕೊಂಡಿದ್ದನ್ನು ನೋಟ್‌ಬುಕ್ಕಿನಿಂದ ಓದಿದ.

“ಸೈಸ್-ಟೀನಿ.”

ಅದು ಬೆದರಿಕೆಯೇ ಎಂದು ಕೇಳಿದ. ಅವನ ಹಿಂದೆ, ತನ್ನ ಬಾಗಿಲಲ್ಲಿ, ಅವಳು ಮಾಸ್ಕ್ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದಳು.

ನಮ್ಮ ಕಡೆ ಎಲ್ಲರೂ ಅನ್ನುವ ಮಾತದು ಎಂದೆ. ಹಾಲು ಚೆಲ್ಲಿದರೆ ನಮ್ಮಮ್ಮ ನನಗೂ ಅನ್ನುತ್ತಿದ್ದಳು. ಇದು ಸುಳ್ಳಲ್ಲ. ಅವನು ನಕ್ಕು, ಬರೆದುಕೊಂಡು, ಮೆಟ್ಟಿಲಿಳಿದು ಹೋದ.

“ಅಕ್ಕ, ನಿಮ್ಗೆ ಕನ್ನಡ ಬರಲ್ವಾ?” ಎಂದಳು ಅವಳು.

ಒಳಗಿನಿಂದ ಒಂದು ಕೈ ಬಂದು ಅವಳ ಜಡೆ ಹಿಡಿದು ಎಳೆಯಿತು. ಬಾಗಿಲು ಮುಚ್ಚಿತು. ಆಮೇಲೆ ಕೂಗು ಇರಲಿಲ್ಲ, ಏಟು ಮಾತ್ರ. ನನ್ನ ಕೈಯಲ್ಲಿ ಫೋನ್ ಇತ್ತು. ಈಗಷ್ಟೇ ಹೇಳಿದ್ದನ್ನು ಹೇಗೆ ತಿರುಗಿಸಿ ಹೇಳುವುದೆಂದು ಯೋಚಿಸುತ್ತಾ ನಿಂತೆ. ಯೋಚಿಸುವಷ್ಟರಲ್ಲಿ ಅದೂ ನಿಂತಿತು.

ಮುಂದಿನ ವಾರ ಆ ಫ್ಲಾಟು ಖಾಲಿ. ಅತ್ಲೋನ್ ಎಂಬ ಊರಿಗೆ ಹೋದರಂತೆ ಎಂದು ಮುದುಕಿ ಹೇಳಿದಳು. ಆದರೆ ಹೋಗುವಾಗ ಮುದುಕಿ ನೋಡಿದ್ದು ಗಂಡನೊಬ್ಬನನ್ನೇ.

ದೂತ ತಪ್ಪು ಹೇಳಿದರೆ ಏನೆಂದು ಆ ವಿಮರ್ಶಕರು ಕೇಳಲೇ ಇಲ್ಲ ಎಂದು ಪ್ರಬಂಧದಲ್ಲಿ ಬರೆದಿದ್ದೇನೆಂಬುದು ನನ್ನ ನೆನಪು. ಮೊನ್ನೆ ಫೈಲು ತೆರೆದು ನೋಡಿದೆ. ಆ ಸಾಲು ಅಲ್ಲಿಲ್ಲ.

ಆ ದಿನ ಬಾಗಿಲಲ್ಲಿ ನಿಂತಿದ್ದ ಅವಳ ಮಾಸ್ಕಿನ ಒಳಗಿನಿಂದ ಕೆಂಪು ಹಬ್ಬುತ್ತಿತ್ತು. ಅದು ನನಗೆ ಕಂಡದ್ದು ನಾನು ಉತ್ತರ ಕೊಡುವ ಮೊದಲೋ, ಕೊಟ್ಟ ಮೇಲೋ, ಗೊತ್ತಿಲ್ಲ. ಅವಳು ಇದ್ದಾಳೋ ಇಲ್ಲವೋ, ಅದೂ ಗೊತ್ತಿಲ್ಲ.