ತಲೆಕೆಳಗಾದ ತ್ರಿಕೋನ

ಹೋದ ಭಾನುವಾರ ನನ್ನ ತಮ್ಮನ ಮನೆಯಲ್ಲಿ ಒಂದು ತ್ರಿಕೋನದ ದೆಸೆಯಿಂದ ಗಂಡ ಹೆಂಡತಿ ಮಾತು ಬಿಟ್ಟಿದ್ದರು.

ಪ್ರೇಮದ ತ್ರಿಕೋನ ಅಂದುಕೊಂಡಿರಾ? ಅಲ್ಲ. ಗಣಿತದ್ದು. ಅದೂ ಎರಡನೇ ಕ್ಲಾಸಿನ ಗಣಿತದ್ದು.

ತಮ್ಮ ಮಹದೇವ ಟಿ. ನರಸೀಪುರದಲ್ಲಿದ್ದಾನೆ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಅವನ ಹೆಂಡತಿ ರಶ್ಮಿ ನರ್ಸ್. ಒಬ್ಬಳೇ ಮಗಳು, ಇಂಚರ. ನಂಜನಗೂಡಿನಿಂದ ನಾನು ಆಗಾಗ ಬಸ್ಸು ಹತ್ತಿ ಅವರ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬರುವುದುಂಟು. ಹೋದರೆ, ನಾನು ಚಪ್ಪಲಿ ಬಿಡುವ ಮೊದಲೇ "ಅತ್ತೆ ಬಂದ್ರು" ಅಂತ ಕಿರುಚಿ ಒಂದು ಚಿತ್ರ ತಂದು ಕೈಗಿಡುವ ಹುಡುಗಿ ಈ ಇಂಚರ. ಆನೆಗೆ ಹಸಿರು ಬಣ್ಣ, ಬಸ್ಸಿಗೆ ಕಿವಿ, ನನಗೆ ಮೀಸೆ. ಏನು ಬೇಕಾದರೂ ಇರಬಹುದು. (ನನ್ನ ಫ್ರಿಜ್ಜಿನ ಬಾಗಿಲಿನ ಮೂಲ ಬಣ್ಣ ಯಾವುದೆಂದು ನನಗೇ ಮರೆತುಹೋಗಿದೆ.)

ಈ ಸಲ ಕಿರುಚಾಟವಿಲ್ಲ, ಚಿತ್ರವೂ ಇಲ್ಲ. ಹಾಲಿನಲ್ಲಿ ಮಹದೇವ ಟಿವಿ ನೋಡುತ್ತಿದ್ದ. ರಶ್ಮಿ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಬೇಕಂತಲೇ ಜೋರಾಗಿ ಇಡುತ್ತಿದ್ದಳು.

"ನೋಡಕ್ಕ, ಒಂದ್ ಮಾರ್ಕಿಗೆ ಇವ್ಳು ಸ್ಕೂಲ್ ಮೇಲೆ ಯುದ್ಧಕ್ಕೆ ಒಂಟವ್ಳೆ" ಅಂದ ತಮ್ಮ.

"ಮಾರ್ಕಿನ ವಿಷ್ಯ ಅಲ್ಲ ಕಣ್ರೀ" ಅಂತ ಅಡುಗೆಮನೆಯಿಂದ ಉತ್ತರ ಬಂತು. ಹಿಂದೆಯೇ ರಶ್ಮಿಯೂ ಬಂದಳು, ಕೈಯಲ್ಲಿ ಟೆಸ್ಟ್ ಪೇಪರ್. "ನೀವೇ ನೋಡಿ ಅಕ್ಕ. ಇದೇನು ಹೇಳಿ."

ನೋಡಿದೆ. 'ಒಂದು ತ್ರಿಕೋನ ಬರೆಯಿರಿ' ಅಂತ ಪ್ರಶ್ನೆ. ಕೆಳಗೆ ಒಂದು ತ್ರಿಕೋನ. ಮೂರು ಗೆರೆ, ಮೂರು ಮೂಲೆ, ಗೆರೆಗಳೆಲ್ಲ ಸರಿಯಾಗಿ ಕೂಡಿಕೊಂಡಿವೆ. ಒಂದೇ ವಿಶೇಷವೆಂದರೆ ಅದರ ಚೂಪು ಕೆಳಗಿತ್ತು, ಅಗಲ ಮೇಲಿತ್ತು. ಅದರ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದೊಂದು ರಾಂಗ್ ಮಾರ್ಕು.

"ತ್ರಿಕೋನ" ಅಂದೆ.

"ಅಲ್ವಂತೆ!" ಅಂದಳು ರಶ್ಮಿ. "ಇದು ತ್ರಿಕೋನ ಅಲ್ಲ ಅಂದ್ರೆ ಮತ್ತೇನು, ಮಾವಿನಕಾಯಾ?"

ಮಹದೇವ ನಕ್ಕ. ಹೆಂಡತಿ ಅಷ್ಟು ಸಿಟ್ಟಿನಲ್ಲಿರುವಾಗ ನಗಬಾರದಿತ್ತು. ಮತ್ತೆ ಮಾತು ನಿಂತಿತು.

ಇಂಚರ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ.

"ಅತ್ತೆ, ನಂಗೆ ಟ್ರಯಾಂಗಲ್ ಬರೆಯೋಕೆ ಬರಲ್ಲ" ಅಂದಳು.

"ಯಾರು ಹೇಳಿದ್ದು?"

"ಪೇಪರಲ್ಲಿ ರಾಂಗ್ ಹಾಕವ್ರಲ್ಲ."

ಯಾಕೆ ಹಾಗೆ ಬರೆದೆ ಅಂತ ಕೇಳಿದೆ. ಅವಳ ಲೆಕ್ಕ ಸರಳವಾಗಿತ್ತು. ಏನೇ ಬರೆದರೂ ಮೇಲಿಂದ ಶುರು ಮಾಡಬೇಕು ಅಂತ ಮಿಸ್ ಹೇಳಿದ್ದಾರೆ. ಹಾಗಾಗಿ ಮೊದಲು ಮೇಲೊಂದು ಗೆರೆ ಎಳೆದಳು. ಆಮೇಲೆ ಮೂಲೆಯಿಂದ ಕೆಳಕ್ಕೆ ಬಂದಳು. ಆಮೇಲೆ ಮತ್ತೆ ಮೇಲಕ್ಕೆ ಹೋದಳು. ಮುಗಿಯಿತು. ಇದರಲ್ಲಿ ತಪ್ಪೆಲ್ಲಿದೆ? ನನಗಂತೂ ಕಾಣಲಿಲ್ಲ.

"ಓಗ್ಲಿ ಬಿಡು. ಅತ್ತೆಗೊಂದು ಮನೆ ಬರ್ಕೊಡು" ಅಂತ ನನ್ನ ಬ್ಯಾಗಿನಿಂದ ಕಾಗದ, ಪೆನ್ನು ಕೊಟ್ಟೆ.

ಅವಳು ಪೆನ್ನು ಹಿಡಿದು ಸುಮ್ಮನೆ ಕೂತಳು. ಆಮೇಲೆ ಕೇಳಿದಳು: "ಮನೆ ಎಂಗಿರ್ಬೇಕು ಅತ್ತೆ?"

ಬಸ್ಸಿಗೆ ಕಿವಿ ಬರೆಯುವಾಗ ಯಾರ ಅಪ್ಪಣೆಯನ್ನೂ ಕೇಳದಿದ್ದ ಹುಡುಗಿ! ಮಹದೇವನೂ ಬಾಗಿಲಲ್ಲಿ ನಿಂತು ಈ ಮಾತು ಕೇಳಿಸಿಕೊಂಡ. ಈ ಸಲ ನಗಲಿಲ್ಲ. "ನಾಳೆ ಸ್ಕೂಲಿಗೆ ಓಗ್ಬನ್ನಿ" ಅಂದ.

ಇಲ್ಲಿ ನಿಮಗೊಂದು ಕೆಲಸ ಕೊಡುತ್ತೇನೆ. ಈ ಪತ್ರಿಕೆಯ ಅಂಚಿನಲ್ಲೇ ಒಂದು ತ್ರಿಕೋನ ಬರೆಯಿರಿ. ಬರೆದಿರಾ? ಚೂಪು ಮೇಲಿದೆ ತಾನೆ? ನನಗೆ ಗೊತ್ತಿತ್ತು. ನಾನೂ ಹಾಗೆಯೇ ಬರೆಯುತ್ತೇನೆ. ಆಯತ ಬರೆ ಅಂದರೆ ಅಡ್ಡಡ್ಡ ಮಲಗಿಸುತ್ತೇವೆ, ನಿಲ್ಲಿಸುವುದಿಲ್ಲ. ಚೌಕವನ್ನು ಸ್ವಲ್ಪ ವಾರೆ ಮಾಡಿದರೆ ಸಾಕು, ಅದು ಚೌಕವಲ್ಲ ಡೈಮಂಡ್ ಅನ್ನುತ್ತೇವೆ. ಸೀನರಿ ಬರೆ ಅಂದರೆ ಎರಡು ಬೆಟ್ಟ, ನಡುವೆ ಸೂರ್ಯ. (ಟಿ. ನರಸೀಪುರದ ಗದ್ದೆ ಬಯಲಿನಲ್ಲಿ ನಿಂತು ಎರಡು ಬೆಟ್ಟದ ನಡುವೆ ಸೂರ್ಯ ಹುಟ್ಟಿದ್ದನ್ನು ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.) ಯಾರೋ ಎಂದೋ ಹಾಕಿಕೊಟ್ಟ ಅಚ್ಚಿನ ಮೇಲೆ ಕೈಯಾಡಿಸುತ್ತೇವೆ, ಅಷ್ಟೆ. ಇಂಚರಳಿಗೆ ಇನ್ನೂ ಆ ಅಚ್ಚು ಬಿದ್ದಿರಲಿಲ್ಲ.

ಸೋಮವಾರ ರಶ್ಮಿ ಡ್ಯೂಟಿ ಬದಲಾಯಿಸಿಕೊಂಡಳು. ಇಬ್ಬರೂ ಮಧ್ಯಾಹ್ನ ಸ್ಕೂಲಿಗೆ ಹೋದೆವು. ದಾರಿಯುದ್ದಕ್ಕೂ ಅವಳು ಮಾತುಗಳನ್ನು ಮಸೆಯುತ್ತಿದ್ದಳು. ನಾನೂ ಒಂದೆರಡು ಚೂಪು ವಾಕ್ಯಗಳನ್ನು ಸಿದ್ಧ ಮಾಡಿಕೊಂಡಿದ್ದೆ. ಅಂಕಣಕಾರ್ತಿ ಅಂದಮೇಲೆ ಅಷ್ಟೂ ಬೇಡವೇ?

ಆದರೆ ಕಾವ್ಯ ಮಿಸ್ ನಮಗೆ ಜಗಳಕ್ಕೆ ಅವಕಾಶವನ್ನೇ ಕೊಡಲಿಲ್ಲ.

ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸೀಮೆಸುಣ್ಣದ ಪುಡಿ ಹಣೆಗೂ ಮೆತ್ತಿಕೊಂಡಿತ್ತು. ಪೇಪರ್ ನೋಡಿದ ತಕ್ಷಣ ಅಂದರು: "ಗೊತ್ತು ಮೇಡಂ. ಅದು ಟ್ರಯಾಂಗಲ್ಲೇ."

ರಶ್ಮಿ ಮಸೆದ ಮಾತೆಲ್ಲ ದಂಡವಾಯಿತು. "ಮತ್ತೆ ಯಾಕೆ ರಾಂಗ್ ಹಾಕಿದ್ರಿ?"

"ಮೊದ್ಲು ರೈಟೇ ಹಾಕಿದ್ದೆ. ಸರಿಯಾಗಿ ನೋಡಿ, ಕೆಳಗೆ ಕಾಣುತ್ತೆ."

ನಿಜ. ರಾಂಗ್ ಮಾರ್ಕಿನ ಅಡಿಯಲ್ಲಿ ಪುಟ್ಟದೊಂದು ರೈಟ್ ಮಾರ್ಕು ಅಡಗಿಕೊಂಡಿತ್ತು.

ಮಿಸ್ ಕಥೆ ಹೇಳಿದರು. ಹೋದ ಟೆಸ್ಟಿನಲ್ಲಿ ಒಬ್ಬ ಹುಡುಗ ವಾರೆಯಾಗಿ ಚೌಕ ಬರೆದಿದ್ದ. ಮಿಸ್ ರೈಟ್ ಕೊಟ್ಟರು. ಮರುದಿನ ಇನ್ನೊಂದು ಮಗುವಿನ ತಾಯಿ ಬಂದು ಕೂತರು. ನಮ್ಮ ಮಗಳು ಬುಕ್ಕಿನಲ್ಲಿರುವ ಹಾಗೆ ನೀಟಾಗಿ ಬರೆದಿದ್ದಾಳೆ, ಅವನು ಸೊಟ್ಟಗೆ ಬರೆದಿದ್ದಾನೆ, ಇಬ್ಬರಿಗೂ ಒಂದೇ ಮಾರ್ಕಾ ಅಂತ. ಮಿಸ್ ಎಷ್ಟು ಹೇಳಿದರೂ ಆ ತಾಯಿ ಒಪ್ಪಲಿಲ್ಲ. ಪ್ರಿನ್ಸಿಪಾಲರ ಹತ್ತಿರ ಹೋದರು. ಪ್ರಿನ್ಸಿಪಾಲರು ಮಿಸ್ಸನ್ನು ಕರೆದು, ಬುಕ್ಕಿನಲ್ಲಿ ಇದ್ದ ಹಾಗಿದ್ದರೆ ರೈಟ್, ಇಲ್ಲದಿದ್ದರೆ ರಾಂಗ್, ತಲೆನೋವೇ ಬೇಡ ಅಂದರು.

"ಇಂಚರ ಪೇಪರಿಗೆ ರೈಟ್ ಹಾಕಿ ಪುಟ ತಿರುವಿದೆ. ಆಮೇಲೆ ಅದು ನೆನಪಾಯ್ತು. ತಿರುಗಿ ಬಂದು ರಾಂಗ್ ಹಾಕ್ದೆ. ಮನ್ಸಿಗೇನೂ ಸಮಾಧಾನ ಇರ್ಲಿಲ್ಲ ಮೇಡಂ" ಅಂದರು ಮಿಸ್.

ಇಂಥವರ ಜೊತೆ ಹೇಗೆ ಜಗಳವಾಡುವುದು?

ರಶ್ಮಿ ಮೆತ್ತಗೆ ಹೇಳಿದಳು: "ಮಾರ್ಕು ಬೇಡ ಮಿಸ್. ಆದ್ರೆ ಅವ್ಳು ಚಿತ್ರ ಬರೆಯೋದೇ ಬಿಟ್ಬಿಟ್ಟವ್ಳೆ."

ಮಿಸ್ ಮುಖ ಬದಲಾಯಿತು. ಮೇಜಿನ ಡ್ರಾಯರ್ ಎಳೆದು, ಒಂದು ಹಳೇ ಮದುವೆ ಕಾರ್ಡು ತೆಗೆದರು. ಕತ್ತರಿಯಲ್ಲಿ ಅದರಿಂದ ಅಂಗೈ ಅಗಲದ ತ್ರಿಕೋನ ಕತ್ತರಿಸಿದರು. "ಬನ್ನಿ" ಅಂತ ನಮ್ಮನ್ನೂ ಕರೆದುಕೊಂಡು ಕ್ಲಾಸಿಗೆ ನಡೆದರು.

ಗೋಡೆಯ ಮೇಲೆ ಆಕೃತಿಗಳ ಚಾರ್ಟಿತ್ತು. ವೃತ್ತ, ಚೌಕ, ಆಯತ, ತ್ರಿಕೋನ. ಎಲ್ಲವೂ ಪಾಸ್‌ಪೋರ್ಟ್ ಫೋಟೋಕ್ಕೆ ನಿಂತ ಹಾಗೆ ನೆಟ್ಟಗೆ. ನಾವಿಬ್ಬರೂ ಹಿಂದಿನ ಬೆಂಚಿನ ಹತ್ತಿರ ನಿಂತೆವು. ಇಂಚರ ನಮ್ಮನ್ನು ನೋಡಿ ತಲೆ ತಗ್ಗಿಸಿದಳು.

ಮಿಸ್ ಕಾರ್ಡಿನ ತ್ರಿಕೋನವನ್ನು ಚೂಪು ಮೇಲೆ ಮಾಡಿ ಹಿಡಿದರು. "ಇದೇನು?"

"ಟ್ರಯಾಂಗಲ್!" ಇಡೀ ಕ್ಲಾಸು ಕೂಗಿತು.

ತಿರುಗಿಸಿದರು. "ಈಗ?"

ಗದ್ದಲ ನಿಂತಿತು. ಅಲ್ಲೊಂದು ಇಲ್ಲೊಂದು ದನಿ: "ಉಲ್ಟಾ ಮಿಸ್."

"ಉಲ್ಟಾ ಆದ್ಮೇಲೆ ಅದು ಟ್ರಯಾಂಗಲ್ಲೋ, ಅಲ್ವೋ?"

ಕೆಲವರು ಹೌದು ಅಂದರು, ಕೆಲವರು ಅಲ್ಲ ಅಂದರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ವಿವರಣೆ ಕೊಟ್ಟಳು: "ಮಿಸ್, ಅದು ಬಿದ್ದೋಗೈತೆ. ಚೂಪು ಕೆಳಗಿದ್ರೆ ನಿಲ್ಲಲ್ಲ."

"ನೀನು ಬಿದ್ರೆ ನಿನ್ ಹೆಸ್ರು ಬದಲಾಗುತ್ತಾ?"

"ಇಲ್ಲ ಮಿಸ್. ಮಂಡಿ ತರಚ್ತದೆ."

ಮಿಸ್ ನಗುವನ್ನು ತಡೆದುಕೊಂಡು ಅಂದರು: "ಎಲ್ರೂ ಎದ್ದು ಗೋಡೆಗೆ ಬೆನ್ನು ಮಾಡಿ. ಈಗ ಬಗ್ಗಿ, ಕಾಲ್ಗಳ ಸಂದಿಯಿಂದ ಚಾರ್ಟ್ ನೋಡಿ."

ಆ ದೃಶ್ಯವನ್ನು ನೀವು ನೋಡಬೇಕಿತ್ತು. ಎರಡನೇ ಕ್ಲಾಸು ಪೂರ್ತಿ ಬಗ್ಗಿ ನಿಂತಿದೆ. ಜಡೆಗಳೆಲ್ಲ ನೆಲ ಗುಡಿಸುತ್ತಿವೆ. ಯಾರದೋ ಜೇಬಿನಿಂದ ಬಳಪ, ಇನ್ಯಾರದೋ ಜೇಬಿನಿಂದ ಅರ್ಧ ತಿಂದ ಚಿಕ್ಕಿ ಬಿತ್ತು. "ಮಿಸ್, ಚಾರ್ಟಲ್ಲಿರೋದೂ ಉಲ್ಟಾ ಆಯ್ತು!" "ಮಿಸ್, ಸರ್ಕಲ್ ಅಂಗೇ ಅದೆ!" "ಮಿಸ್, ಚೌಕನೂ ಅಂಗೇ ಅದೆ!" ಒಂದೊಂದೇ ಶೋಧನೆ ಹೊರಬೀಳುತ್ತಿತ್ತು. ಪಕ್ಕದಲ್ಲಿ ರಶ್ಮಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. (ನಾನು ಬಗ್ಗಲಿಲ್ಲ. ಬಗ್ಗಿದರೆ ಏಳಿಸಲು ಒಬ್ಬರು ಬೇಕು.)

ಎಲ್ಲರೂ ಕೂತ ಮೇಲೆ ಮಿಸ್ ಹೇಳಿದರು: "ಟ್ರಯಾಂಗಲ್ ಎತ್ತ ತಿರುಗಿದ್ರೂ ಟ್ರಯಾಂಗಲ್ಲೇ. ಇಂಚರ ಬರೆದಿದ್ದು ಸರಿ. ನಾನು ರಾಂಗ್ ಹಾಕಿದ್ದು ತಪ್ಪು."

ಮಕ್ಕಳ ಮುಂದೆ ಈ ಮಾತನ್ನು ಇಷ್ಟು ಸಲೀಸಾಗಿ ಹೇಳಿದ ಮೇಷ್ಟ್ರನ್ನು ನಾನು ನನ್ನ ಶಾಲಾದಿನಗಳಲ್ಲಿ ಕಂಡಿರಲಿಲ್ಲ.

ಆಮೇಲೆ ಇಂಚರಳನ್ನು ಕರೆದು, ಪೇಪರಿನಲ್ಲಿ ಅವಳ ಮಾರ್ಕು ಸೇರಿಸಿ, ಕಾರ್ಡಿನ ತ್ರಿಕೋನ ಕೈಗಿಟ್ಟು, ಚಾರ್ಟಿನ ಪಕ್ಕ ಗೋಡೆಗೆ ಅಂಟಿಸಲು ಹೇಳಿದರು. ಹೇಗೆ ಬೇಕಾದರೂ ಅಂಟಿಸು ಅಂದರು. ಹುಡುಗಿ ಒಮ್ಮೆ ಮಿಸ್ಸನ್ನು, ಒಮ್ಮೆ ಅಮ್ಮನನ್ನು ನೋಡಿದಳು. ಆಮೇಲೆ ಮೇಲೂ ಅಲ್ಲದೆ ಕೆಳಗೂ ಅಲ್ಲದೆ, ಚೂಪನ್ನು ಕಿಟಕಿಯ ಕಡೆಗೆ ಮಾಡಿ ಅಂಟಿಸಿದಳು.

ಸಂಜೆ ಮನೆಯ ಮುಂದಿನ ಸಿಮೆಂಟ್ ನೆಲದ ತುಂಬ ಸೀಮೆಸುಣ್ಣದ ತ್ರಿಕೋನಗಳು. ಮಲಗಿದ್ದು, ಓರೆಯಾಗಿದ್ದು, ಸೂಜಿಯಂತೆ ಉದ್ದಕ್ಕಿದ್ದು, ಕಾಲು ಬಂದು ಓಡುತ್ತಿದ್ದದ್ದು. ಗಂಡ ಹೆಂಡತಿ ಮಾತಾಡಿಕೊಂಡರು. ಮಹದೇವ ಅವುಗಳನ್ನು ತುಳಿಯದ ಹಾಗೆ ಕುಪ್ಪಳಿಸಿಕೊಂಡು ಒಳಗೆ ಬಂದ.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಈ ಕಾಲದಲ್ಲಿ ಯಾವ ಕಥೆಯೂ ವಾಟ್ಸಾಪ್ ಗ್ರೂಪಿಗೆ ಬರದೆ ಮುಗಿಯುವುದಿಲ್ಲ.

ಊಟದ ಹೊತ್ತಿಗೆ ಪೇರೆಂಟ್ಸ್ ಗ್ರೂಪಿನಲ್ಲಿ ಮೊದಲ ಮೆಸೇಜು ಬಂತು. ಚೌಕದ ಬಗ್ಗೆ ತಕರಾರು ಎತ್ತಿದ್ದ ಅದೇ ತಾಯಿ. ಕ್ಲಾಸಿನಲ್ಲಿ ಮಕ್ಕಳನ್ನು ಬಗ್ಗಿಸಿದ್ದು ಯಾಕೆ? ಶಿಕ್ಷೆಯೋ, ಪಾಠವೋ? ಹಿಂದೆಯೇ ಇನ್ನೊಬ್ಬರು: ಪೇಪರಿನಲ್ಲಿ ಬರೆಯುವವರು ಯಾರೋ ಬಂದು ಮಾರ್ಕು ಹಾಕಿಸಿಕೊಂಡು ಹೋದರಂತೆ. (ನಾನೇ!) ಹಳ್ಳಿಯ ಕಡೆಯಿಂದ ಒಬ್ಬ ತಂದೆಯ ವಾಯ್ಸ್ ಮೆಸೇಜು: "ಮಿಸ್, ನನ್ ಮಗ ಬಂದಾಗ್ನಿಂದ ಬಗ್ಗಿಕಂಡೇ ಟಿವಿ ನೋಡ್ತಾವ್ನೆ. ಏನಾರ ಏಳಿ ಮಿಸ್ ಅವ್ನಿಗೆ." ಆಮೇಲೆ ಯಾರೋ ಒಂದು ಪೋಲ್ ಹಾಕಿದರು. ಟೆಸ್ಟಿನಲ್ಲಿ ತಲೆಕೆಳಗಾದ ತ್ರಿಕೋನಕ್ಕೆ ಮಾರ್ಕು ಕೊಡಬೇಕೇ, ಬೇಡವೇ?

ತ್ರಿಕೋನ ತ್ರಿಕೋನವೇ ಅನ್ನುವುದನ್ನು ವೋಟಿಗೆ ಹಾಕಿದ್ದನ್ನು ನಾನು ನೋಡಿದ್ದು ಇದೇ ಮೊದಲು. 'ಬೇಡ' ಅನ್ನುವ ಪಕ್ಷ ಗೆದ್ದಿತು. ಮಹದೇವ 'ಬೇಕು' ಅಂತ ಒತ್ತಿದ. ರಶ್ಮಿ ಗ್ರೂಪನ್ನು ಮ್ಯೂಟ್ ಮಾಡಿದಳು.

ಆ ತಾಯಿ ಕೆಟ್ಟವರೆಂದು ನಾನು ಹೇಳುವುದಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಕೇಲು ಹಿಡಿಸಿ ಬರೆಸಿರುತ್ತಾರೆ. ಅಷ್ಟು ಕಷ್ಟಪಟ್ಟು ನೆಟ್ಟಗೆ ಮಾಡಿದ್ದಕ್ಕೂ ಹೇಗೋ ಬರೆದಿದ್ದಕ್ಕೂ ಬೆಲೆ ಒಂದೇ ಅಂದರೆ ಅವರಿಗೆ ಸಂಕಟವಾಗುತ್ತದೆ. ನಮಗೆಲ್ಲ ಮಕ್ಕಳು ತಿಳಿದುಕೊಳ್ಳುವುದಕ್ಕಿಂತ ನೀಟಾಗಿರುವುದು ಬೇಗ ಕಣ್ಣಿಗೆ ಕಾಣುತ್ತದೆ, ಅಲ್ಲವೇ?

ಮಂಗಳವಾರ ಸಂಜೆ ಸ್ಕೂಲಿನಿಂದ ಸಂದೇಶ ಬಂತು. ಪರೀಕ್ಷೆಯಲ್ಲಿ ಆಕೃತಿಗಳನ್ನು ಪುಸ್ತಕದಲ್ಲಿ ಇರುವಂತೆಯೇ ಬರೆಯಬೇಕು, ಪೋಷಕರು ಸಹಕರಿಸಬೇಕು. ಸ್ವಲ್ಪ ಹೊತ್ತಿಗೆ ಕಾವ್ಯ ಮಿಸ್ ರಶ್ಮಿಗೆ ಫೋನ್ ಮಾಡಿದರು. ಇಂಚರಳಿಗೆ ಕೊಟ್ಟ ಮಾರ್ಕನ್ನು ವಾಪಸ್ ತೆಗೆದಿಲ್ಲವಂತೆ, ಪ್ರಿನ್ಸಿಪಾಲರು ತೆಗೆಯಲು ಹೇಳಿದರೂ ಮಿಸ್ ಒಪ್ಪಲಿಲ್ಲವಂತೆ. ಗೋಡೆಯ ಮೇಲಿನ ತ್ರಿಕೋನವೂ ಹಾಗೆಯೇ ಇದೆಯಂತೆ. ಆದರೆ ಮುಂದಿನ ಪರೀಕ್ಷೆಯಲ್ಲಿ ಚೂಪು ಮೇಲೆ ಮಾಡಿ ಬರೆಯಲು ಮಗುವಿಗೆ ಹೇಳಿ ಮೇಡಂ, ಪೇಪರ್ ಆಗ ಬೇರೆಯವರು ನೋಡಬಹುದು, ಅಂದರಂತೆ. ಅವರ ದನಿ ಸಣ್ಣಗಾಗಿತ್ತು ಅಂತ ರಶ್ಮಿ ಹೇಳಿದಳು.

ಬುಧವಾರ ಬೆಳಿಗ್ಗೆ ನಾನು ನಂಜನಗೂಡಿಗೆ ಹೊರಡಲು ಸಿದ್ಧವಾಗಿ ಕಾಫಿ ಕುಡಿಯುತ್ತಿದ್ದೆ. ರಶ್ಮಿ ಮಗಳಿಗೆ ಜಡೆ ಹಾಕುತ್ತಿದ್ದಳು. ಹೇಳಬೇಕಾದ ಮಾತನ್ನು ಜಡೆ ಮುಗಿಯುವವರೆಗೂ ತಡೆದಿಟ್ಟುಕೊಂಡು, ರಿಬ್ಬನ್ ಕಟ್ಟುವಾಗ ಹೇಳಿದಳು: "ಪುಟ್ಟಾ, ಪರೀಕ್ಷೇಲಿ ಮಾತ್ರ ಟ್ರಯಾಂಗಲ್ ಬುಕ್ಕಲ್ಲಿರೋ ಥರ ಬರಿ. ಮನೇಲಿ ನಿನ್ನಿಷ್ಟ."

ಇಂಚರ ಕನ್ನಡಿಯಲ್ಲೇ ಅಮ್ಮನನ್ನು ನೋಡಿದಳು.

"ಉಲ್ಟಾ ಇದ್ರೂ ಟ್ರಯಾಂಗಲ್ಲೇ ಅಂತ ಮಿಸ್‌ಗೆ ಗೊತ್ತಲ್ವಾ ಅಮ್ಮ?"

"ಗೊತ್ತು."

"ನಿಂಗೆ?"

"ನಂಗೂ ಗೊತ್ತು."

"ಪ್ರಿನ್ಸಿಪಾಲ್ ಸರ್‌ಗೆ?"

ರಶ್ಮಿ ನನ್ನ ಕಡೆ ನೋಡಿದಳು. ನಾನು ಕಾಫಿ ಲೋಟದೊಳಗೆ ನೋಡಿದೆ.

"ಅವ್ರಿಗೂ ಗೊತ್ತು ಪುಟ್ಟಾ."

"ಮತ್ತೆ ಯಾರ್ಗಮ್ಮ ಗೊತ್ತಿಲ್ದಿರೋದು?"