ಭಾರ ಮಿತಿಮೀರಿದರೆ ಕೈಬಿಡುವ ಹಿಡಿ

ಬೆಳಗಿನ ನಾಲ್ಕೂವರೆ. ಇಸ್ಫರಾ ಕಣಿವೆಯ ಬೋಳು ಗುಡ್ಡಗಳಿಗೆ ಆಗಷ್ಟೇ ಬಣ್ಣ ಬರುತ್ತಿದೆ. ಊರಿಗೆಲ್ಲ ಅಕ್ಕನಾದ ಸನವ್ಬರ್ ಅಪಾ ಕಾಲುವೆಯ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಹತ್ತು ಲೀಟರಿನ ಪ್ಲಾಸ್ಟಿಕ್ ಬಕೆಟ್ಟನ್ನು ನೀರಿಗೆ ಅದ್ದಿ ಕಂಠಮಟ್ಟ ತುಂಬಿಸುತ್ತಾರೆ. ಅದರ ತಂತಿಗೆ ಮರದ ಹಿಡಿಯೊಂದನ್ನು ಟಕ್ಕೆಂದು ಸಿಕ್ಕಿಸಿ ಎತ್ತುತ್ತಾರೆ. ಬಕೆಟ್ ಏಳುತ್ತದೆ. ಕೆಳಗಿಟ್ಟು, ಹಳೇ ಟ್ರ್ಯಾಕ್ಟರಿನ ಕಬ್ಬಿಣದ ತುಂಡೊಂದನ್ನು ಅದರೊಳಗೆ ಮುಳುಗಿಸಿ ಮತ್ತೆ ಎತ್ತುತ್ತಾರೆ. ಈ ಸಲ ಹಿಡಿ ಮಾತ್ರ ಕೈಗೆ ಬರುತ್ತದೆ. ಬಕೆಟ್ ಕೂತಲ್ಲೇ ಕೂತಿದೆ.

"ಇದು ಪಾಸು," ಎಂದು ಹಿಡಿಯನ್ನು ಪಕ್ಕದ ಬುಟ್ಟಿಗೆ ಹಾಕುತ್ತಾರೆ.

ಕಬ್ಬಿಣದ ಸಮೇತ ಬಕೆಟ್ಟನ್ನು ಎತ್ತಿಬಿಟ್ಟ ಎರಡು ಹಿಡಿಗಳು ಆಚೆ ಬಿದ್ದಿವೆ. ಅಪಾ ಪ್ರಕಾರ ಅವು ಕೆಟ್ಟ ಮಾಲು. ಕಳೆದ ವರ್ಷ ಪಟ್ಟಣದಲ್ಲಿ ಹೊಸ ಉಪಕರಣಗಳ ಪ್ರದರ್ಶನವೊಂದು ನಡೆದಿತ್ತು. ಟೈ ಕಟ್ಟಿದ ತೀರ್ಪುಗಾರರು ಈ ಹಿಡಿಯನ್ನು ತಿರುಗಿಸಿ ಮುರುಗಿಸಿ ನೋಡಿ, 'ಭಾರ ಹೆಚ್ಚಾದರೆ ಕಳಚಿಕೊಳ್ಳುತ್ತದೆ, ದೋಷವಿದೆ' ಎಂದು ಬರೆದು ವಾಪಸು ಕಳಿಸಿದರು. ಆ ಚೀಟಿಯನ್ನು ಅಪಾ ಕೊಟ್ಟಿಗೆಯ ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕಿದ್ದಾರೆ. ಅವರಲ್ಲಿ ಒಬ್ಬರಾದರೂ ಜರ್ದಾಳು ಹಣ್ಣಿನ ಕೊಯ್ಲಿನ ದಿನ ತೋಟದಲ್ಲಿ ನಿಂತಿದ್ದರೆ ಆ ಮಾತು ಬರೆಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಈ ಕಣಿವೆಯ ನೀರು ಕುಡಿದವನಾಗಿ ನಾನು ಅಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಐವತ್ತೆಂಟರ ಸನವ್ಬರ್, ತೊಟ್ಟಿಲು ಮಾಡುವವರ ಮಗಳು. ಹೆಣ್ಣುಮಕ್ಕಳ ಕೈಗೆ ಬಾಚಿ ಕೊಡುವ ಪದ್ಧತಿ ಅಪ್ಪನಿಗಿರಲಿಲ್ಲ. ಅವರು ಮಧ್ಯಾಹ್ನ ಮಲಗಿದಾಗ ಕದ್ದು ಕೆತ್ತಿ ಕಲಿತದ್ದು. ಇಲ್ಲಿನ ತೊಟ್ಟಿಲಿಗೆ ಮೇಲೆ ಒಂದು ಅಡ್ಡ ಹಿಡಿ ಇರುತ್ತದೆ, ಕೂಸಿನ ಸಮೇತ ಎತ್ತಿಕೊಂಡು ಹೋಗಲು. "ಕೂಸು ಎತ್ತೋಕೆ ಅಷ್ಟು ನುಣ್ಣಗಿನ ಹಿಡಿ, ಅದರ ತಾಯಿ ಬಕೆಟ್ ಎತ್ತೋಕೆ ಬರೀ ತಂತಿ. ಇದ್ಯಾವ ನ್ಯಾಯ ಹೇಳಿ," ಎನ್ನುತ್ತಾ ಬಲಗೈ ಚಾಚುತ್ತಾರೆ. ಮೂವತ್ತು ಸುಗ್ಗಿಗಳ ತಂತಿ ಅವರ ಅಂಗೈಗೆ ಅಡ್ಡಲಾಗಿ ಒಂದು ಗೆರೆ ಕೊರೆದಿದೆ. ಕೊನೆಯ ಎರಡು ಬೆರಳು ಮಡಚುವುದಿಲ್ಲ.

ಗಂಡಸರು ಕೂಲಿಗೆಂದು ರಷ್ಯಾದಲ್ಲಿ ಕಟ್ಟಡ ಕಟ್ಟುತ್ತಿರುವ ಜೂನ್ ತಿಂಗಳಲ್ಲಿ ಇಲ್ಲಿನ ಕೊಯ್ಲು ಹೆಂಗಸರದ್ದೇ. ದೊಡ್ಡ ತೋಟದಲ್ಲಿ ನಲವತ್ತಾರು ಜನ. ಒಬ್ಬೊಬ್ಬರಿಗೆ ದಿನಕ್ಕೆ ಅರವತ್ತು ಬಕೆಟ್. ಏಣಿಯಿಂದ ಇಳಿಸಿ, ರಸ್ತೆಬದಿಯ ಪೆಟ್ಟಿಗೆಗಳವರೆಗೆ ನೂರಿಪ್ಪತ್ತು ಹೆಜ್ಜೆ. ಗೋಡೆಗೆ ಬಳಿಯುವ ಬಣ್ಣ ತುಂಬಿ ಬಂದಿದ್ದ ಖಾಲಿ ಬಕೆಟ್ಟುಗಳೇ ಈಗ ಎಲ್ಲ ಕಡೆ. ಅವುಗಳ ತಂತಿಗಿದ್ದ ಪ್ಲಾಸ್ಟಿಕ್ ಕೊಳವೆ ಮೊದಲ ವಾರದಲ್ಲೇ ಉದುರಿಹೋಗುತ್ತದೆ.

ಮೇ ತಿಂಗಳಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ತಿನ್ನಿಸಿದ ಮೇಲೆ ಪ್ರತಿ ಅಂಗಳದಲ್ಲೂ ಹಿಪ್ಪುನೇರಳೆಯ ಬೋಳು ಕೊಂಬೆಗಳು ರಾಶಿ ಬೀಳುತ್ತವೆ. ಒಲೆಗೆ ಹೋಗಬೇಕಾದ ಅವುಗಳಲ್ಲಿ ದಪ್ಪನೆಯವನ್ನು ಅಪಾ ಆರಿಸಿ ತರುತ್ತಾರೆ. ಒಂದು ಅಂಗೈ ಅಗಲದ ತುಂಡು, ಅಡಿಯಲ್ಲಿ ತಂತಿ ಕೂರಲು ಒಂದು ಕೊರಕಲು, ಆ ಕೊರಕಲಿನ ಕೆಳಗೆ ತಂತಿಯನ್ನು ತಡೆದು ಹಿಡಿಯುವ ಒಂದು ಮರದ ನಾಲಿಗೆ. ನಾಲಿಗೆಯನ್ನು ಬಿಗಿದಿರುವುದು ಟೈರ್ ಟ್ಯೂಬಿನ ಪಟ್ಟಿ. ದಿನಕ್ಕೆ ಐದು ಹಿಡಿಯಾದರೆ ಹೆಚ್ಚು, ಏಕೆಂದರೆ ಪ್ರತಿಯೊಂದೂ ಒಬ್ಬೊಬ್ಬರ ಅಂಗೈ ಅಳತೆಗೆ ಆಗಬೇಕು. ಹೆಂಗಸರು ಬಂದು ಹಸಿಮಣ್ಣಿನ ಉಂಡೆಯನ್ನು ಹಿಸುಕಿ ಹೋಗುತ್ತಾರೆ. ಆ ಅಚ್ಚು ನೋಡಿ ಕೆತ್ತನೆ.

ಮೊದಲ ವರ್ಷ ಸೈಕಲ್ ಟ್ಯೂಬಿನ ಪಟ್ಟಿ ಹಾಕಿದ್ದರು. ಬಕೆಟ್ ತುಂಬುವ ಮೊದಲೇ ನಾಲಿಗೆ ಜೋತುಬಿದ್ದು ಹಿಡಿ ಕಳಚಿಕೊಳ್ಳುತ್ತಿತ್ತು. ಪಕ್ಕದ ಮನೆಯ ರಿಸೊಲತ್, ಮೂವತ್ತರ ಬಾಯಿಬಡುಕಿ, ಇಡೀ ತೋಟಕ್ಕೆ ಕೇಳುವಂತೆ ಕೂಗಿದ್ದಳಂತೆ: "ಅಪಾ, ನಿಮ್ಮ ಹಿಡಿಗಿಂತ ನನ್ನ ಗಂಡನೇ ವಾಸಿ! ಅವನಾದ್ರೆ ಅರ್ಧ ದಾರಿ ಹೊತ್ತು ಆಮೇಲೆ ಕೈಬಿಡ್ತಾನೆ!"

ಅಪಾ ಲಾರಿ ಟ್ಯೂಬು ಹುಡುಕಿ ತಂದರು. ಎರಡನೇ ವರ್ಷ ಹಿಡಿ ಏನು ಹೊರಿಸಿದರೂ ಬಿಡಲಿಲ್ಲ. ತೋಟದ ಅಷ್ಟೂ ಹೆಂಗಸರು ಬಂದು ಮಣ್ಣು ಹಿಸುಕಿ ಹೋದರು. ಸಂಜೆ ರೊಟ್ಟಿ ಮುರಿಯುವಾಗ ಯಾರ ಅಂಗೈಯೂ ಉರಿಯಲಿಲ್ಲ.

ಇದನ್ನೆಲ್ಲ ನೋಡಿದ ಇನ್ನೊಬ್ಬರೆಂದರೆ ತೋಟದ ಮೇಸ್ತ್ರಿ ಘಯೂರ್. ಮೂರನೇ ವರ್ಷದ ಕೊಯ್ಲಿನ ಮೊದಲ ದಿನ ಹತ್ತು ಲೀಟರಿನ ಬಕೆಟ್ಟುಗಳು ಮಾಯವಾಗಿದ್ದವು. ಅವುಗಳ ಜಾಗದಲ್ಲಿ ಇಪ್ಪತ್ತು ಲೀಟರಿನವು ಸಾಲಾಗಿ ನಿಂತಿದ್ದವು. ಬಕೆಟ್ಟಿಗೆ ಇಷ್ಟು ಎಂಬ ಕೂಲಿ ಮಾತ್ರ ಹಳೆಯದೇ. "ಈಗ ಒಳ್ಳೇ ಹಿಡಿ ಬಂದಿದೆಯಲ್ಲ, ಅಪಾ ಪುಣ್ಯ!" ಎಂದನಂತೆ. ಎರಡನೇ ದಿನ ಮಧ್ಯಾಹ್ನ ರಿಸೊಲತ್ ಏಣಿಯ ಬುಡದಲ್ಲಿ ಬಕೆಟ್ ಎತ್ತಲು ಬಗ್ಗಿದವಳು ಮತ್ತೆ ನೆಟ್ಟಗಾಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ನಾಲ್ಕು ಜನ ಚಾದರದಲ್ಲಿ ಹಾಕಿಕೊಂಡು ಮನೆಗೆ ಹೊತ್ತೊಯ್ದರು.

ಅದನ್ನು ಹೇಳುವಾಗ ಅಪಾ ಬಾಚಿ ಕೆಳಗಿಡುತ್ತಾರೆ. "ಅವಳ ಸೊಂಟ ಮುರಿದಿದ್ದು ನಾನು. ಮುಂಚೆ ತಂತಿ ಕೊಯ್ದಾಗ ಅಂಗೈ ಅಂತಿತ್ತು, ಸಾಕು ಇಳಿಸೇ ಅಂತ. ನಾನು ಆ ಅಂಗೈ ಬಾಯಿ ಮುಚ್ಚಿಸಿಬಿಟ್ಟೆ. ನೋವು ಹೋಯ್ತು, ಭಾರ ಎಲ್ಲಿ ಹೋಯ್ತು? ಸೊಂಟಕ್ಕೆ ಹೋಯ್ತು. ಘಯೂರ್‌ಗೆ ಅದು ನಮಗಿಂತ ಮುಂಚೆ ಗೊತ್ತಾಯ್ತು ನೋಡಿ."

ಎಲ್ಲ ಹಿಡಿಗಳನ್ನೂ ಒಲೆಗೆ ಹಾಕಿಬಿಡೋಣ ಎಂದೂ ಅನ್ನಿಸಿತಂತೆ. ಆಗಲೇ ಸೈಕಲ್ ಟ್ಯೂಬು, ರಿಸೊಲತ್‌ಳ ಆ ಹಳೇ ಕುಹಕ ನೆನಪಾದದ್ದು. ಯಾವ ದೋಷವನ್ನು ತಿದ್ದಲು ಒಂದು ಚಳಿಗಾಲ ಕಳೆದಿದ್ದರೋ ಅದನ್ನೇ ಮತ್ತೆ ಹಿಡಿಯೊಳಗೆ ತರಲು ಕೂತರು. ಅವರ ಹತ್ತಿರ ತಕ್ಕಡಿ ಇರಲಿಲ್ಲ, ಬೇಕಾಗಲೂ ಇಲ್ಲ. ಹತ್ತು ಲೀಟರ್ ನೀರೆಂದರೆ ಹತ್ತು ಕಿಲೋ. ಲಾರಿ ಟ್ಯೂಬಿನ ಪಟ್ಟಿಯನ್ನು ಕೂದಲೆಳೆಯಷ್ಟು ಕತ್ತರಿಸುತ್ತಾ ಹೋದರು, ತುಂಬಿದ ನೀರಿಗೆ ಗಟ್ಟಿಯಾಗಿ ನಿಂತು, ಕಬ್ಬಿಣ ಬಿದ್ದ ಕೂಡಲೇ ಬಿಡುವವರೆಗೆ. ಊರಿನ ಹೆಂಗಸರು ಸರದಿಯಲ್ಲಿ ಬಂದು ತಂತಮ್ಮ ಹಿಡಿಯ ಪಟ್ಟಿ ಬದಲಿಸಿಕೊಂಡರು. ಅದಕ್ಕೆ ಎರಡು ದಿನ ಹಿಡಿಯಿತು.

ಅದರ ಮರುದಿನ ಬೆಳಿಗ್ಗೆ ತೋಟದಲ್ಲಿ ದೊಡ್ಡ ಬಕೆಟ್ಟುಗಳು ತುಂಬಿದವು. ಒಂದೂ ನೆಲ ಬಿಟ್ಟು ಏಳಲಿಲ್ಲ. ನಲವತ್ತೈದು ಹಿಡಿಗಳು ನಾಲಿಗೆ ಚಾಚಿದವು.

"ಕಿತ್ತು ಎಸೀರಿ ಆ ಕಟ್ಟಿಗೇನ! ತಂತೀಲೇ ಎತ್ತಿ!" ಎಂದು ಘಯೂರ್ ಕೂಗಿದ. ಅಪಾ ಮರದ ಕೆಳಗೆ ಊಟದ ಬಟ್ಟೆ ಹಾಸಿ, ರೊಟ್ಟಿ ಮುರಿದು, ಹಸಿರು ಚಹಾ ಬಗ್ಗಿಸಿದರು. ನಲವತ್ತೈದು ಜನರೂ ಹಿಡಿಗಳನ್ನು ಮಡಿಲಲ್ಲಿಟ್ಟುಕೊಂಡು ಸುತ್ತ ಕೂತರು.

ರೊಟ್ಟಿಯ ಮುಂದೆ ಕೂತವರನ್ನು ಎಬ್ಬಿಸುವ ಗಂಡಸು ಈ ಕಣಿವೆಯಲ್ಲಿಲ್ಲ. ಕರೆದ ಮೇಲೆ ಒಂದು ತುಂಡಾದರೂ ಬಾಯಿಗೆ ಹಾಕದೆ ಹೋಗುವವನೂ ಇಲ್ಲ. ಘಯೂರ್ ಬೈಯಲು ಬಂದಾಗಲೆಲ್ಲ ಅಪಾ ಮುಖದಲ್ಲಿ ನಗು ತಂದುಕೊಂಡು, "ಬಾ ಘಯೂರ್‌ಜಾನ್, ರೊಟ್ಟಿ ತಗೋ," ಎನ್ನುವರು. ಅವನು ತುಂಡು ಬಾಯಿಗೆ ಹಾಕಿಕೊಳ್ಳಬೇಕು, ಅಗಿಯಬೇಕು, ಎದೆಯ ಮೇಲೆ ಕೈಯಿಟ್ಟು ರಹಮತ್ ಎಂದು ವಂದಿಸಬೇಕು. ಅಷ್ಟರಲ್ಲಿ ಬೈಗುಳ ಆರಿಹೋಗುವುದು. ಏಳು ಸಲ ಬಂದ, ಏಳು ಸಲವೂ ರೊಟ್ಟಿ ತಿಂದ. ಹಣ್ಣಾದ ಜರ್ದಾಳು ಅವನ ಬೆನ್ನ ಹಿಂದೆ ತಪತಪ ಉದುರುತ್ತಿತ್ತು. ರಸ್ತೆಯಲ್ಲಿ ಲಾರಿಯವನು ಹಾರ್ನು ಒತ್ತಿ ಒತ್ತಿ ಸಾಕಾಗಿ ನಿದ್ದೆಹೋಗಿದ್ದ.

ಮಧ್ಯಾಹ್ನದ ಹೊತ್ತಿಗೆ ಹಳೇ ಬಕೆಟ್ಟುಗಳು ಗೋದಾಮಿನಿಂದ ಹೊರಗೆ ಬಂದವು. ಅಲ್ಲಿಂದ ಈಚೆಗೆ ಎರಡು ಸುಗ್ಗಿ ಕಳೆದಿದೆ, ದೊಡ್ಡವು ತೋಟದೊಳಗೆ ಕಾಲಿಟ್ಟಿಲ್ಲ. ರಿಸೊಲತ್ ಈಗ ಮರ ಹತ್ತುವುದಿಲ್ಲ. ನೆರಳಲ್ಲಿ ಕೂತು ಹಣ್ಣು ಬೇರ್ಪಡಿಸುತ್ತಾಳೆ, ಬಾಯಿ ಮಾತ್ರ ಮೊದಲಿನಂತೆಯೇ ಇದೆ.

ತೋಟದ ಮಾಲೀಕರು ಬಕೆಟ್ಟುಗಳಿಗೇ ಕಾಯಂ ಆಗಿ ಕೂರಿಸಲು ಮುನ್ನೂರು ಹಿಡಿ ಕೇಳಿ ಕಳಿಸಿದ್ದರು, ಒಳ್ಳೇ ಬೆಲೆಗೆ. ಅಪಾ ಒಪ್ಪಲಿಲ್ಲ. "ಬಕೆಟ್ ಅವರದು, ಇರಲಿ. ಹಿಡಿ ನಮ್ಮದು. ಸಂಜೆ ಕಳಚ್ಕೊಂಡು ಸೆರಗಲ್ಲಿ ಕಟ್ಕೊಂಡು ಮನೆಗೆ ಬರ್ತೀವಿ. ಅಲ್ಲೇ ಬಿಟ್ಟು ಬಂದ್ರೆ ಬೆಳಗಾಗೋದ್ರೊಳಗೆ ಪಟ್ಟಿ ಬದಲಾಗಿರುತ್ತೆ." ಇತ್ತೀಚೆಗೆ ಇಲ್ಲಿನ ತಾಯಂದಿರು ಮದುಮಗಳ ಪೆಟ್ಟಿಗೆಯಲ್ಲಿ ರೇಷ್ಮೆ ಬಟ್ಟೆ, ಹಾಸಿಗೆಗಳ ಜೊತೆ ಒಂದು ಹಿಡಿಯನ್ನೂ ಇಡುತ್ತಾರೆ.

ಬಿಸಿಲು ಕಾಲುವೆಗೆ ಇಳಿಯುವ ಹೊತ್ತಿಗೆ ಕಟ್ಟೆಯ ಮೇಲೆ ಒಬ್ಬರು ಬಂದು ನಿಲ್ಲುತ್ತಾರೆ. ಘಯೂರ್. ಟೋಪಿ ಕೈಯಲ್ಲಿದೆ. ನನ್ನನ್ನು ನೋಡಿ ಹಿಂದೆಮುಂದೆ ನೋಡುತ್ತಾನೆ.

"ಅಪಾ, ನಮ್ಮ ಹುಡುಗಿ ಮೊಹ್ರಾಗೆ ಮದುವೆ ಗೊತ್ತಾಯ್ತು. ನದಿ ಆಚೆ ಊರು. ಅವರದ್ದೂ ತೋಟಾನೇ."

"ಒಳ್ಳೇದಾಯ್ತು. ಸುಖವಾಗಿರ್ಲಿ ಮಗು."

"ಅವಳಿಗೊಂದು ಹಿಡಿ ಬೇಕಿತ್ತು." ಟೋಪಿಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾನೆ. "ಅಲ್ಲಿನ ಮೇಸ್ತ್ರಿ ಒಳ್ಳೆಯವನಲ್ಲ ಅಂತಾರೆ. ಅದಕ್ಕೇ, ಸ್ವಲ್ಪ ಬೇಗ ಬಿಡೋ ಥರ ಮಾಡಿಕೊಡಿ."

ಅಪಾ ಬಾಚಿಯ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ. ನಗುವುದಿಲ್ಲ, ಹಳೆಯದನ್ನೂ ಎತ್ತುವುದಿಲ್ಲ. ಬುಟ್ಟಿಯ ಪಕ್ಕದಿಂದ ಹಸಿಮಣ್ಣಿನ ಉಂಡೆಯೊಂದನ್ನು ತೆಗೆದು ಅವನ ಕೈಗಿಡುತ್ತಾರೆ.

"ಅವಳ ಕೈಲಿ ಹಿಸುಕಿಸಿ ತಗೊಂಡ್ ಬಾ. ಬೇಗ ಬಿಡೋದು, ತಡವಾಗಿ ಬಿಡೋದು ಅಂತ ನನ್ನ ಹತ್ರ ಎರಡು ಥರ ಇಲ್ಲ ಘಯೂರ್‌ಜಾನ್. ರಿಸೊಲತ್‌ಗೆ ಎಷ್ಟೋ, ನಿನ್ನ ಮಗಳಿಗೂ ಅಷ್ಟೇ."