ಗಿಡುಗ ಎತ್ತಿದ ಬಲೆ

ಕೆರೆಯ ಮೀನುಗಾರರು ನಾವೆಲ್ಲ ಅವನನ್ನು ಗಿಡುಗ ಎನ್ನುತ್ತಿದ್ದೆವು. ನೀರಿನ ಮೇಲೆ ಒಂದು ಸುಕ್ಕು ಎದ್ದರೆ ಸಾಕು, ಕೆಳಗಿರುವುದು ಯಾವ ಮೀನೆಂದು ದಡದಿಂದಲೇ ಹೇಳುತ್ತಿದ್ದ. ಆಚೆ ದಡದ ಹೋಟೆಲಿಗೆ ಬಂದವರು ಕುರ್ಚಿ ಹಾಕಿಕೊಂಡು, ನೀರಲ್ಲಿ ಬಿದ್ದ ಬೆಟ್ಟದ ನೆರಳು ನೋಡಿ ಆಹಾ ಎನ್ನುವಾಗ ಇವನು ಅದೇ ನೀರಲ್ಲಿ ಮೀನು ನೋಡುತ್ತಿದ್ದ. ಜಂಬವೂ ಅಷ್ಟೇ ಇತ್ತು. ಹುಟ್ಟು ಹಾಕುವ ತಮ್ಮನನ್ನು ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ. 'ಲೇ ಕುರುಡ' ಎಂದೇ ಕರೆಯುವುದು. ಬಲೆಯ ಹತ್ತಿರ ದೋಣಿ ಚೂರು ಓರೆಯಾದರೆ ಹುಟ್ಟನ್ನೇ ಕಿತ್ತುಕೊಂಡು ಬೆನ್ನಿಗೆ ಬಾರಿಸುತ್ತಿದ್ದ. ತಮ್ಮ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅದನ್ನು ನಾವು ಒಳ್ಳೆಯತನ ಅಂದುಕೊಂಡಿದ್ದೆವು, ನಮ್ಮ ಬುದ್ಧಿಗಿಷ್ಟು.

ಆಮೇಲೆ ಗಿಡುಗನ ಕಣ್ಣು ಮಂಜಾಗತೊಡಗಿತು. ಹೆಂಡತಿಗೂ ಅವನು ಹೇಳಲಿಲ್ಲ. "ನಮ್ಮ ಬಲೆಯ ಡಬ್ಬಿ ಎಲ್ಲಿದೆ ಹೇಳು ನೋಡೋಣ" ಎಂದು ತಮ್ಮನನ್ನು ಪರೀಕ್ಷೆ ಮಾಡುವವನ ಹಾಗೆ ಕೇಳಿ, ಅವನು ತೋರಿಸಿದ ಕಡೆ ಕೈ ಚಾಚುತ್ತಿದ್ದ. ತಮ್ಮನಿಗೆ ಬೇಗನೆ ಗೊತ್ತಾಯಿತು. ಗೊತ್ತಾಗಿದೆ ಎಂದು ತೋರಿಸಿಕೊಳ್ಳಲಿಲ್ಲ, ಅಷ್ಟೆ.

ನಮ್ಮ ಕೆರೆಯಲ್ಲಿ ಸಂಜೆ ಬಲೆ ಬಿಟ್ಟು ಬೆಳಿಗ್ಗೆ ಎತ್ತುತ್ತೇವೆ. ಯಾರದು ಯಾವ ಬಲೆ ಎನ್ನುವುದಕ್ಕೆ ಮೇಲೆ ತೇಲುವ ಡಬ್ಬಿಯ ಬಣ್ಣವೇ ಗುರುತು. ಕಾವಲು ಗೀವಲು ಇಲ್ಲ. ಆದರೆ ಇನ್ನೊಬ್ಬರ ಬಲೆ ಎತ್ತಿದವನು ಮತ್ತೆಂದೂ ದೋಣಿ ಹತ್ತುವಂತಿಲ್ಲ.

ಗಿಡುಗನದು ಬಿಳಿ ಡಬ್ಬಿ. ಆ ಬೆಳಿಗ್ಗೆ, ಸುತ್ತ ನಾಲ್ಕಾರು ದೋಣಿ ಇರುವ ಹೊತ್ತು ನೋಡಿಯೇ, ತಮ್ಮ ದೋಣಿಯನ್ನು ನೆಟ್ಟಗೆ ಒಂದು ಕೆಂಪು ಡಬ್ಬಿಯ ಬಳಿ ನಿಲ್ಲಿಸಿ ಎತ್ತಣ್ಣ ಎಂದ. ಗಿಡುಗನ ಬೆರಳು ಹಗ್ಗದ ಗಂಟಿನ ಮೇಲೆ ತಡೆದು ನಿಂತಿತು. ಅದು ಅವನು ಹಾಕಿದ ಗಂಟಲ್ಲ. ಕೇಳಿದರೆ ಕಣ್ಣಿನ ವಿಷಯ ಹೊರಬೀಳುತ್ತದೆ. ಎತ್ತಿಬಿಟ್ಟ.

ದಡದಲ್ಲಿ ಎಲ್ಲರೂ ಸೇರಿದೆವು. ಕೆಂಪು ಡಬ್ಬಿಯವನು ಮೆತ್ತನೆಯ ಮನುಷ್ಯ. ಕಣ್ತಪ್ಪಿ ಆಯಿತು ಅಂತ ಒಂದು ಮಾತು ಹೇಳಿಬಿಡು, ಇಲ್ಲಿಗೆ ಬಿಡುತ್ತೇನೆ ಎಂದು ತಾನೇ ದಾರಿ ತೋರಿಸಿದ. ಗಿಡುಗ ತಮ್ಮನ ಕಡೆ ತಿರುಗಿದ.

"ನಾನು ಅಣ್ಣ ಎತ್ತ ಅಂದ್ರೆ ಅತ್ತ ಹುಟ್ಟು ಹಾಕೋನು," ಎಂದ ತಮ್ಮ ನೆಲ ನೋಡುತ್ತ. "ನಮ್ಮಣ್ಣನ ಕಣ್ಣು ತಪ್ಪುತ್ತಾ? ಇಡೀ ಕೆರೆಗೇ ಗೊತ್ತಲ್ಲ."

ಕುರುಡ ಅನ್ನಿಸಿಕೊಳ್ಳುವುದಕ್ಕಿಂತ ಕಳ್ಳ ಅನ್ನಿಸಿಕೊಳ್ಳುವುದೇ ಆ ದುರಹಂಕಾರಿಗೆ ವಾಸಿ ಎನಿಸಿತು.

"ಕಾಣಿಸ್ತು. ಕೆಂಪು ಡಬ್ಬಿ ಅಂತ ಗೊತ್ತಿದ್ದೇ ಎತ್ತಿದೆ."

ಅಲ್ಲಿಗೆ ಅವನ ನೀರಿನ ಋಣ ಮುಗಿಯಿತು. ಅವನ ಹೆಂಡತಿ ಅವತ್ತಿನಿಂದ ನಮ್ಮ ಬಾಗಿಲುಗಳ ಮುಂದೆ ತಲೆ ಎತ್ತಿ ನಡೆಯಲಿಲ್ಲ.

ಮಾರನೆಯ ಬೆಳಿಗ್ಗೆ ತಮ್ಮ ಒಬ್ಬನೇ ಹೋಗಿ ಬಂದ. ದಡದ ಕಲ್ಲಿನ ಮೇಲೆ ಕೂತಿದ್ದ ಅಣ್ಣನ ಮುಂದೆ ಬುಟ್ಟಿ ಸುರಿದು, ಅವನ ಅಂಗೈಗೆ ಚಾಕು ಇಟ್ಟ.

"ಮೀನಿನ ಹುರುಪೆ ಉಜ್ಜು ಅಣ್ಣ. ಇದಕ್ಕೇನು ಕಣ್ಣು ಬೇಕಾಗಲ್ಲ."

ತಮಾಷೆ ಎಂದುಕೊಂಡು ನಾವೆಲ್ಲ ನಕ್ಕೆವು. ಗಿಡುಗನ ಮುಖದಲ್ಲಿ ಮಾತ್ರ ರಕ್ತವೇ ಇಲ್ಲದಂತಾಯಿತು. ಯಾವುದನ್ನು ಮುಚ್ಚಿಡಲು ಕಳ್ಳನಾಗಿದ್ದನೋ ಅದು ತಮ್ಮನಿಗೆ ಮೊದಲೇ ಗೊತ್ತಿತ್ತು. ಅವನು ತಡಕಾಡಿ ಒಂದು ಮೀನು ಹಿಡಿದ, ತಲೆ ಯಾವ ಕಡೆ ಎಂದು ಮುಟ್ಟಿ ನೋಡಿ, ಉಜ್ಜತೊಡಗಿದ.